ಕೂತು ಉಣ್ಣುವ ಕಸುಬು

ಜೂಜಾಡಿ ಮನೆಮಠ ಕಳೆದುಕೊಂಡವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಧರ್ಮರಾಯನಿಂದ ಹಿಡಿದು ನಮ್ಮೂರ ಪಟೇಲರ ಎರಡನೇ ಮಗನವರೆಗೆ ಎಲ್ಲರೂ ಆ ಸಾಲಿನವರೇ. ಜೂಜಾಡಿ ರಾತ್ರೋರಾತ್ರಿ ಶ್ರೀಮಂತರಾದವರ ಕಥೆಗಳೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಆದರೆ ಜೂಜಾಡಿ ಗುಮಾಸ್ತನಾದವನ ಕಥೆಯನ್ನು ಯಾರೂ ಬರೆದಂತೆ ಕಾಣೆ. ಆ ಕೊರತೆ ತುಂಬಲು ಸದ್ಯಕ್ಕೆ ನನಗಿಂತ ಅರ್ಹರು ಕ್ಯಾಲಿಫೋರ್ನಿಯಾದ ಕನ್ನಡಿಗರಲ್ಲಿ ಇರಲಾರರು.

ಕಂಪನಿಯವರು ನನ್ನ ಸೇವೆಯನ್ನು ಬಾಯ್ತುಂಬ ಹೊಗಳಿ, ಕೆಲವು ತಿಂಗಳ ಸಂಬಳ ಕೈಗಿಟ್ಟು, ಮನೆಗೆ ಕಳಿಸಿದ್ದ ಕಾಲ ಅದು. ಗ್ರೀನ್ ಕಾರ್ಡ್ ಇದ್ದುದರಿಂದ ದೇಶ ಬಿಡುವ ಭಯವಿರಲಿಲ್ಲ. ಹೊಸ ಕೆಲಸ ಸಿಗುವ ತನಕ ಏನಾದರೂ ಮಾಡಬೇಕಲ್ಲ? ಸ್ಯಾನ್ ಹೋಸೆಯ ನಮ್ಮ ಮನೆಯಿಂದ ಕಾರ್ಡ್ ರೂಮು ದೂರವಲ್ಲ. ಅಲ್ಲಿ ಹಗಲೂ ರಾತ್ರಿ ಪೋಕರ್. ನಾನು ಕೂತದ್ದು ಲಕ್ಷಗಟ್ಟಲೆಯ ಆಟಕ್ಕಲ್ಲ, ಅಲ್ಲಿನ ತೀರಾ ಸಣ್ಣ ಆಟಕ್ಕೆ. ಎಲೆ ಹಂಚುವ ಮೊದಲೇ ಒಬ್ಬ ಒಂದು ಡಾಲರು, ಅವನ ಪಕ್ಕದವ ಮೂರು ಡಾಲರು ಇಡಬೇಕು. ಅದಕ್ಕೆ ಬ್ಲೈಂಡ್ ಎಂದು ಹೆಸರು. ತಲೆಗೆರಡು ಎಲೆ ಮುಚ್ಚಿ ಕೊಡುತ್ತಾರೆ. ಆಮೇಲೆ ಮೇಜಿನ ನಡುವೆ ಮೊದಲು ಮೂರು, ಬಳಿಕ ಒಂದು, ಕೊನೆಗೆ ಇನ್ನೊಂದು ಎಲೆ ಬಿಚ್ಚುತ್ತಾರೆ. ಒಂದೊಂದು ಹಂತಕ್ಕೂ ದುಡ್ಡು ಹಾಕುವುದು, ಏರಿಸುವುದು, ಇಲ್ಲವೇ ಎಲೆ ಎಸೆದು ಹೊರಗುಳಿಯುವುದು ಅವರವರ ಧೈರ್ಯ. ಕೊನೆಯ ಎಲೆಗೆ ರಿವರ್ ಎನ್ನುತ್ತಾರೆ. ಕಾರ್ಡ್ ರೂಮಿನ ಶಾಪಗಳಲ್ಲಿ ಮುಕ್ಕಾಲು ಪಾಲು ಅದಕ್ಕೇ ಮೀಸಲು.

ಇಸ್ಪೀಟು ನನಗೆ ಹೊಸದಲ್ಲ. ನಮ್ಮ ಮಂಡ್ಯದ ಕಡೆ ಯುಗಾದಿಗೆ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕಿಗೆ ಬಾಡೂಟ, ಎರಡರ ನಡುವೆ ಜಗಲಿಯ ಮೇಲೆ ಇಸ್ಪೀಟು. ವರ್ಷವೆಲ್ಲ ಎಲೆ ಮುಟ್ಟಿದರೆ ಬೆನ್ನ ಮೇಲೆ ಬಾಸುಂಡೆ ಬರಿಸುತ್ತಿದ್ದ ಅಪ್ಪ, ಅವತ್ತು ತಾವೇ ಚಾಪೆ ಹಾಸಿ ಕೂರುತ್ತಿದ್ದರು. ನನ್ನ ಹೊಸ ಉದ್ಯೋಗದ ಸುದ್ದಿ ಊರಿಗೆ ಮುಟ್ಟಿದಾಗ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಯುಗಾದಿ ಹೋಗಿ ಎಷ್ಟು ದಿನ ಆಯ್ತ್ಲಾ, ಇನ್ನೂವೆ ಆಟ ಮುಗ್ದಿಲ್ವೇನ್ಲಾ?"

ಇದು ಜೂಜಲ್ಲ, ಬುದ್ಧಿಯ ಆಟ ಎಂದು ತಿಳಿಹೇಳಿದೆ. ರಮ್ಮಿ ಬಹುಮಟ್ಟಿಗೆ ಕೌಶಲದ ಆಟವೆಂದು ನಮ್ಮ ಸುಪ್ರೀಂ ಕೋರ್ಟೇ 1967ರಲ್ಲಿ ಹೇಳಿದೆ, ಪೋಕರಿಗೂ ಅದೇ ವಾದ ಹೂಡುವ ವಕೀಲರಿದ್ದಾರೆ ಎಂದೆ.

"ಆ ಜಡ್ಜು ಇಸ್ಪೀಟಾಡೋನ್ಗೆ ಮಗಳು ಕೊಡ್ತಾನಂತಾ?"

ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು. ನಾನು ಫೋನಿಟ್ಟು ಕೆಲಸಕ್ಕೆ ಹೊರಟೆ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಕಟ್ಟಿದವರು ಪೋಕರ್ ಮೇಜನ್ನು ಕಂಡವರಲ್ಲ. ಇಲ್ಲಿ ಕೂರುವುದೇ ದುಡಿಮೆ. ಸಿನಿಮಾ ನೋಡಿದವರು ಈ ಆಟವೆಂದರೆ ಕಪ್ಪು ಕನ್ನಡಕ, ಮೂಗಿಗೆ ಮೂಗು ಕೊಟ್ಟು ದಿಟ್ಟಿಸುವುದು, ಚಿಪ್ಸ್ ರಾಶಿಯನ್ನು ಎರಡೂ ಕೈಯಲ್ಲಿ ನೂಕುವುದು ಎಂದುಕೊಂಡಿರುತ್ತಾರೆ. ಹೊಟ್ಟೆಪಾಡಿಗೆ ಆಡುವವನ ದಿನಚರಿ ಬೇರೆ. ಗಂಟೆಗೆ ಮೂವತ್ತು ಸಲ ಎಲೆ ಹಂಚಿದರೆ ಹೆಚ್ಚು. ಅದರಲ್ಲಿ ಐದಕ್ಕೆ ನಾಲ್ಕು ಸಲ ಬಂದದ್ದನ್ನು ಎಸೆಯಬೇಕು. ಇಸ್ಪೀಟು ಏಳು, ಆಟೀನ್ ಎರಡು: ಎಸೆ. ಕಳಾವರ್ ಗುಲಾಮ, ಡೈಮನ್ ನಾಲ್ಕು: ಎಸೆ. ರಾಜ ಬಂದಿದ್ದಾನೆ, ಆದರೆ ಜೊತೆಗೆ ಬಂದದ್ದು ಐದು: ರಾಜನ ಮುಖಕ್ಕೆ ಮರುಳಾಗದೆ ಎಸೆ. ಎಕ್ಕದ ಜೋಡಿ ಬರುವುದು 221 ಸಲಕ್ಕೊಮ್ಮೆ. ಅಂದರೆ ಬೆಳಿಗ್ಗೆ ತಿಂಡಿ ತಿಂದು ಕೂತವನಿಗೆ ಸಂಜೆ ಕಾಫಿಯ ಹೊತ್ತಿಗೆ ಒಂದು ದರ್ಶನ. ಹಾಗೆ ದರ್ಶನವಾದಾಗಲೂ, ಎದುರಿಗೆ ಒಬ್ಬನೇ ಉಳಿದು, ಅವನು ತನ್ನ ಎಲೆಯನ್ನು ನೋಡದೆಯೇ ಆಡಿದರೂ, 100ಕ್ಕೆ ಸುಮಾರು 15 ಸಲ ಗೆಲ್ಲುವವನು ಅವನೇ.

ಎಲೆ ಎಸೆದು ತೆಪ್ಪಗಿರುವ ಈ ವಿದ್ಯೆ ಧರ್ಮರಾಯನಿಗೆ ಒಲಿದಿರಲಿಲ್ಲ. ಕರೆದರೆ ಹೋಗಬೇಕು, ಕೂತರೆ ಆಡಬೇಕು, ಆಡಿದರೆ ಇದ್ದದ್ದೆಲ್ಲ ಇಡಬೇಕು ಎಂದು ನಂಬಿದ ಮನುಷ್ಯ. ಅಂಥವನು ವಾರಕ್ಕೊಬ್ಬ ಸಿಕ್ಕಿದ್ದರೆ ನಾನು ಇಂದಿಗೂ ಆ ಕಸುಬಿನಲ್ಲೇ ಇರುತ್ತಿದ್ದೆ. ನಳ ಎಷ್ಟೋ ವಾಸಿ. ಋತುಪರ್ಣನಿಂದ ದಾಳದ ಮರ್ಮವಾದ ಅಕ್ಷಹೃದಯ ಕಲಿತು, ತಯಾರಾಗಿ ಬಂದು, ಪುಷ್ಕರನನ್ನು ಸೋಲಿಸಿದ. ಆದರೆ ರಾಜ್ಯ ಕೈಸೇರಿದ ಕೂಡಲೇ ಅವನು ಏಳಬಹುದಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ಅದೇ ಕುರ್ಚಿಗೆ ಬರಬೇಕೆಂಬ ಕರ್ಮ ಅವನಿಗಿರಲಿಲ್ಲ.

ಇನ್ನು ಆದಾಯ. ನುರಿತವನು ಗಂಟೆಗೆ ಐದರಿಂದ ಎಂಟು ಬ್ಲೈಂಡ್ ಗಳಿಸಿದರೆ ಭೇಷ್ ಎನ್ನುತ್ತಾರೆ. ಮೂರು ಡಾಲರಿನ ಲೆಕ್ಕದಲ್ಲಿ 15ರಿಂದ 24 ಡಾಲರು ಆಯಿತು. ಕಾರ್ಡ್ ರೂಮಿನ ಆಚೆಬದಿಯಲ್ಲಿ ಒಂದು ಬರ್ಗರ್ ಅಂಗಡಿ. ದೊಡ್ಡ ಸರಣಿಯ ಫಾಸ್ಟ್ ಫುಡ್ ಅಂಗಡಿಗಳು ಕೆಲಸದವರಿಗೆ ಗಂಟೆಗೆ ಕಡಿಮೆಯೆಂದರೂ 20 ಡಾಲರು ಕೊಡಬೇಕೆಂದು 2024ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿದೆ. ಅಲ್ಲಿ ಆಲೂಗಡ್ಡೆ ಕರಿಯುವ ಹುಡುಗ ದಿನಾ 300 ಡಾಲರು ಬಂಡವಾಳ ಜೇಬಿನಲ್ಲಿಟ್ಟು ಬರಬೇಕಿಲ್ಲ. ಶನಿವಾರ ಸಂಜೆ ಮಾಲೀಕ ಅವನನ್ನು ಕರೆದು, "ಈ ವಾರದ ಲೆಕ್ಕದಲ್ಲಿ ನೀನೇ 600 ಡಾಲರು ಕೊಡಬೇಕು ಕಣಪ್ಪಾ" ಎನ್ನುವುದಿಲ್ಲ. ನನ್ನ ಕಸುಬಿನಲ್ಲಿ ಅಂಥ ಶನಿವಾರಗಳುಂಟು. ಗಂಟೆಗೆ ಸರಾಸರಿ 20 ಡಾಲರು ದುಡಿಯುವವನ ಏರಿಳಿತ ಗಂಟೆಗೆ 150 ಡಾಲರಿನಷ್ಟಿರುತ್ತದೆ. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರೆ, ವಾರಕ್ಕೆ 40 ಗಂಟೆ ಒಂದೂ ತಪ್ಪಿಲ್ಲದೆ ಆಡುವವನಿಗೂ ಐದು ವಾರಕ್ಕೆ ಒಂದು ವಾರ ಕೈಯಿಂದ ಕೊಟ್ಟು ಬರುವ ಯೋಗ. "ಸಂಬಳ ಬಂತಾ?" ಎಂದು ಕೇಳುವ ಹೆಂಡತಿಗೆ "ಈ ವಾರ ಹೋಯಿತು" ಎಂದು ಹೇಳುವುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಹಾಗಾದರೆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ? ಎಲೆ ಹಂಚುವ ಡೀಲರ್ ಮಗ್ಗುಲಿನಲ್ಲಿ ಮೇಜಿಗೆ ಒಂದು ಸೀಳಿದೆ, ಅದರ ಕೆಳಗೆ ಡಬ್ಬಿ. ಗೆದ್ದ ದುಡ್ಡಿನಲ್ಲಿ ಶೇಕಡಾವಾರು ಪಾಲು ಕೇಳುವುದಕ್ಕೆ ಕ್ಯಾಲಿಫೋರ್ನಿಯಾದ ಕಾರ್ಡ್ ರೂಮುಗಳಿಗೆ ಅವಕಾಶವಿಲ್ಲ, ಮೊದಲೇ ಗೊತ್ತು ಮಾಡಿದ ಮೊತ್ತವನ್ನಷ್ಟೇ ತೆಗೆಯಬೇಕು. ನಮ್ಮ ಮೇಜಿನಲ್ಲಿ ಅದು ಆಟಕ್ಕೆ ಆರು ಡಾಲರು. ಗೆದ್ದವನು ಡೀಲರಿಗೆ ಕೊಡುವ ಭಕ್ಷೀಸು ಒಂದು. ಗಂಟೆಗೆ 25 ಆಟವೆಂದರೂ 175 ಡಾಲರು ಮೇಜಿನಿಂದ ಇಳಿದುಹೋಯಿತು. ಒಂಬತ್ತು ಜನ ಹಂಚಿಕೊಂಡರೆ ತಲೆಗೆ ಹತ್ತಿರ ಹತ್ತಿರ 20 ಡಾಲರು, ಬರೀ ಕುರ್ಚಿ ಬಾಡಿಗೆ. ಈ ಬಾಡಿಗೆ ತೆತ್ತು ಮೇಲೊಂದಿಷ್ಟು ಮಿಗಬೇಕಾದರೆ ಹೊಸಬರು ಬರುತ್ತಿರಬೇಕು. 2003ರಲ್ಲಿ ಟೆನೆಸಿಯ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್, 86 ಡಾಲರಿನ ಆನ್‌ಲೈನ್ ಪಂದ್ಯದಿಂದ ಹೊರಟು, ಲಾಸ್ ವೇಗಸ್ಸಿನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 25 ಲಕ್ಷ ಡಾಲರು ಗೆದ್ದ. ಆ ವರ್ಷ 839 ಮಂದಿಯಿದ್ದ ಪಂದ್ಯಕ್ಕೆ ಮರುವರ್ಷ 2,576 ಮಂದಿ ನುಗ್ಗಿದರು. ಆಡಲು ಬಾರದವರು ಸಾಲುಗಟ್ಟಿ ಬರುತ್ತಿದ್ದ ಆ ಸುವರ್ಣಯುಗವನ್ನು ನೆನೆದು ಹಳಬರು ಇಂದಿಗೂ ನಿಟ್ಟುಸಿರು ಬಿಡುತ್ತಾರೆ. ಈಗ ಮೀಸೆ ಬಲಿಯದ ಹುಡುಗರೂ ಕಂಪ್ಯೂಟರಿನಲ್ಲಿ ಪಾಠ ಒಪ್ಪಿಸಿಯೇ ಬರುತ್ತಾರೆ. ಮಂಗಳವಾರ ಮಧ್ಯಾಹ್ನ ನಾವು ನಾವೇ ಉಳಿದುಬಿಟ್ಟರೆ, ಭಕ್ತರಿಲ್ಲದ ಗುಡಿಯಲ್ಲಿ ಪೂಜಾರಿಗಳೇ ಒಬ್ಬರಿಗೊಬ್ಬರು ಮಂಗಳಾರತಿ ಎತ್ತಿ ತಟ್ಟೆಗೆ ಕಾಸು ಹಾಕಿಕೊಂಡಂತೆ. ತುಂಬುವುದು ಹುಂಡಿ ಮಾತ್ರ.

ತೆರಿಗೆಯ ಕಾಲ ಬಂದಾಗ ಲೆಕ್ಕಿಗರು, "ಉದ್ಯೋಗ ಏನಂತ ಬರೀಲಿ?" ಎಂದರು. ಜೂಜನ್ನೂ ಉದ್ಯೋಗವೆನ್ನಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಇಪ್ಪತ್ತು ವರ್ಷ ದುಡಿದ ಕಂಪನಿ 1978ರಲ್ಲಿ ಕೆಲಸದಿಂದ ತೆಗೆದ ಮೇಲೆ ರಾಬರ್ಟ್ ಗ್ರೋಟ್ಜಿಂಗರ್ ನಾಯಿ ಓಟದ ಪಂದ್ಯಗಳಿಗೆ ಹಣ ಕಟ್ಟತೊಡಗಿದ. ವಾರಕ್ಕೆ 60ರಿಂದ 80 ಗಂಟೆ ಅದೇ ಧ್ಯಾನ. ಆ ವರ್ಷ ಗೆದ್ದದ್ದು 70,000 ಡಾಲರು, ಕಟ್ಟಿದ್ದು 72,032. ಇಷ್ಟು ಶ್ರದ್ಧೆಯಿಂದ ದುಡಿಯುವವನದು ಉದ್ಯೋಗವೇ ಹೌದೆಂದು 1987ರಲ್ಲಿ ಕೋರ್ಟು ಒಪ್ಪಿತು. ವರ್ಷವೆಲ್ಲ ಬೆವರು ಸುರಿಸಿ ಕೊನೆಗೆ ಕೈಯಿಂದ 2,032 ಡಾಲರು ತೆತ್ತದ್ದನ್ನು ಉದ್ಯೋಗವೆಂದು ಮಾನ್ಯ ಮಾಡಿದ ಆ ನ್ಯಾಯಾಲಯದ ಮೇಲೆ, ರೈತರ ಸೀಮೆಯಿಂದ ಬಂದ ನನಗೆ ತುಂಬ ಗೌರವವಿದೆ. ಮೊನ್ನೆ ಮೊನ್ನೆ ಮಾಡಿದ ಕಾನೂನು ಅಷ್ಟು ಉದಾರಿಯಲ್ಲ. 2026ರಿಂದ ಸೋತದ್ದರಲ್ಲಿ ನೂರಕ್ಕೆ 90 ಭಾಗವನ್ನಷ್ಟೇ ಕಳೆಯಲು ಬಿಡುತ್ತದಂತೆ. ಲಕ್ಷ ಗೆದ್ದು ಲಕ್ಷ ಸೋತವನು, ಕಣ್ಣಿಗೇ ಕಾಣದ ಹತ್ತು ಸಾವಿರಕ್ಕೆ ತೆರಿಗೆ ಕಟ್ಟಬೇಕು.

ಸಣ್ಣ ಆಟದಲ್ಲಿ ಬದುಕುವವನಿಗೆ ಬೇಕಾದದ್ದು ಗಣಿತಕ್ಕಿಂತ ನಡತೆ. ಅವನ ಅನ್ನದಾತರು ಪೋಕರ್ ಬಲ್ಲವರಲ್ಲ, ಹೊತ್ತು ಹೋಗದೆ ಬಂದವರು: ಅಂಗಡಿ ಮಗನಿಗೆ ಬಿಟ್ಟುಕೊಟ್ಟ ವಿಯೆಟ್ನಾಮಿನ ತಾತ, ರಾತ್ರಿ ಪಾಳಿ ಮುಗಿಸಿದ ನರ್ಸು, ಹೆಂಡತಿ ತವರಿಗೆ ಹೋದ ಎಂಜಿನಿಯರು. ಅವರು ನಗುನಗುತ್ತ ಕೂತಷ್ಟು ಹೊತ್ತು ನಮ್ಮ ಒಲೆ ಉರಿಯುತ್ತದೆ. ಆದ್ದರಿಂದ ಅವರು ಕೆಟ್ಟದಾಗಿ ಆಡಿ, ಅದೃಷ್ಟದಿಂದ ನಮ್ಮ ಎಕ್ಕದ ಜೋಡಿಯ ಕತ್ತು ಕೊಯ್ದಾಗ, ಒಳಗೆ ಕುದಿಯುತ್ತಿದ್ದರೂ ಮುಖ ಅರಳಿಸಿ, "ನೈಸ್ ಹ್ಯಾಂಡ್, ಸರ್" ಎನ್ನಬೇಕು. ನಿಜವಾಗಿ ಚೆನ್ನಾಗಿ ಆಡಿದವನಿಗೆ ಯಾರೂ ಏನೂ ಹೇಳುವುದಿಲ್ಲ. ಅವನ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿ ಸುಮ್ಮನಾಗುತ್ತಾರೆ. ಆಫೀಸಿನಲ್ಲಿ ಮ್ಯಾನೇಜರನ ಜೋಕಿಗೆ ನಗುವುದು ಬೇಸರವೆಂದು ನಿಡುಸುಯ್ಯುತ್ತಿದ್ದ ನನಗೆ ಇಲ್ಲಿ ಮೇಜಿಗೆ ಎಂಟು ಮ್ಯಾನೇಜರುಗಳು.

ಹೀಗೆ ನಗುತ್ತ ಕೂತಿದ್ದ ಒಂದು ಸಂಜೆ ದೊಡ್ಡ ಮೊತ್ತದ ಆಟ ನಡೆದಿತ್ತು. ರಿವರ್ ಎಲೆ ಬಿಚ್ಚಿದ್ದೇ ತಡ, ಐದನೇ ಕುರ್ಚಿಯಿಂದ ಕೇಳಿಬಂತು: "ಥೂ, ದರಿದ್ರದ್ದೇ!"

"ಕನ್ನಡದೋರಾ ಸಾರ್?" ನನಗೆ ತಡೆಯಲಾಗಲಿಲ್ಲ.

"ಹೌದ್ರೀ! ದಾವಣಗೆರಿ!"

ಡೀಲರ್ ಮೇಜು ಕುಟ್ಟಿ, "ಇಂಗ್ಲಿಷ್ ಓನ್ಲಿ" ಎಂದಳು. ಆಟ ನಡೆಯುವಾಗ ಬೇರೆ ಭಾಷೆಯಲ್ಲಿ ಗುಟ್ಟು ಮಾತಾಡಬಾರದೆಂದು ನಿಯಮ. ಬಿಡುವಿನಲ್ಲಿ ತಿಳಿಯಿತು, ಅವರು ಬ್ಯಾಂಕಿನಿಂದ ನಿವೃತ್ತರು, ಆರು ತಿಂಗಳಿಗೆಂದು ಮಗನ ಮನೆಗೆ ಬಂದವರು. ಮೊಮ್ಮಗ ಶಾಲೆಗೆ ಹೋದ ಮೇಲೆ ಮಾತಿಗೆ ಜನವಿಲ್ಲದೆ ಬಸ್ಸು ಹಿಡಿದು ಇಲ್ಲಿಗೆ ಬರುತ್ತಾರೆ. ಒಂದು ಎಲೆಯನ್ನೂ ಎಸೆಯುವವರಲ್ಲ. "ಎಸಿಯಾಕ ಅಷ್ಟು ದೂರದಿಂದ ಬರ್ಬೇಕೇನ್ರೀ? ಬಂದದ್ದನ್ನ ಆಡ್ಬೇಕು" ಎಂಬುದು ಅವರ ಸಿದ್ಧಾಂತ. ಆ ಸಿದ್ಧಾಂತದ ಮೇಲೆಯೇ, ನನ್ನ ರಾಜರ ಜೋಡಿಗೆ ಎದುರಾಗಿ ಹತ್ತು ಮತ್ತು ಏಳು ಹಿಡಿದು, ಕೊನೆಯವರೆಗೂ ಬಂದರು. ಅವರ ಮುಂದಿದ್ದ ಚಿಪ್ಸ್ ಅಷ್ಟೂ ನನ್ನ ಮುಂದೆ ಬಂತು.

"ಹೋಗ್ಲಿ ಬಿಡ್ರಿ, ಕನ್ನಡದೋರ ಕೈಗೇ ಹೋತಲ್ಲ" ಎಂದು ನನಗೇ ಸಮಾಧಾನ ಹೇಳಿದರು. ಕಾಫಿ ತರಿಸಿ, ಅದರ ದುಡ್ಡನ್ನೂ ಅವರೇ ಕೊಟ್ಟು, "ನೀವು ಏನ್ ಮಾಡ್ಕೊಂಡೀರಿ?" ಎಂದರು.

"ಇದೇ ಸಾರ್."

"ಇದೇ ಅಂದ್ರ?"

ಮೇಜನ್ನು ತೋರಿಸಿದೆ. ಅವರು ಮೇಜನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. ಸಾಲದ ಅರ್ಜಿಯನ್ನು ತಿರಸ್ಕರಿಸಿ ತಿರಸ್ಕರಿಸಿ ಪಳಗಿದ ಕಣ್ಣು. ಆಮೇಲೆ ದನಿ ತಗ್ಗಿಸಿ, "ನನ್ನ ಮಗಗ ಹೇಳ್ಲೇನು? ಅವನ ಕಂಪನ್ಯಾಗ ಜನ ತಗೊಳಾಕತ್ತಾರ" ಎಂದರು. ನನ್ನಿಂದ ಸೋತ ಮನುಷ್ಯ ನನಗೆ ಶಿಫಾರಸು ಮಾಡಿದ್ದರು. ಆ ವೃತ್ತಿಯಲ್ಲಿ ನಾನು ಗೆದ್ದ ಅತಿ ದೊಡ್ಡ ಮೊತ್ತ ಅದೇ.

ಸಂದರ್ಶನದಲ್ಲಿ, ನಡುವೆ ಇಷ್ಟು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಅಪಾಯದ ಅಂದಾಜು, ಅರೆಬರೆ ಮಾಹಿತಿಯಲ್ಲಿ ನಿರ್ಧಾರ, ಗ್ರಾಹಕ ಸಂಬಂಧ ಎಂದೆ. ಒಂದಕ್ಷರವೂ ಸುಳ್ಳಲ್ಲ. ಈಗ ಮೀಟಿಂಗಿನಲ್ಲಿ ಐದು ವಿಷಯ ಬಂದರೆ ನಾಲ್ಕಕ್ಕೆ ಬಾಯಿ ಬಿಡುವುದಿಲ್ಲ. ತೂಕದ ಮನುಷ್ಯ ಎಂದು ಹೆಸರು ಬಂದಿದೆ. ಸುಮ್ಮನಿರುವುದಕ್ಕೆ ಇಲ್ಲಿ ಸಂಬಳವೂ ಜಾಸ್ತಿ, ಕುರ್ಚಿಗೆ ಬಾಡಿಗೆಯೂ ಇಲ್ಲ.

ಕೆಲವು ಶನಿವಾರ ಈಗಲೂ ಕಾರ್ಡ್ ರೂಮಿಗೆ ಹೋಗುತ್ತೇನೆ, ದಾವಣಗೆರೆಯ ಯಜಮಾನರ ಸಿದ್ಧಾಂತ ಹಿಡಿದು. ಬಂದ ಎಲೆಯನ್ನೆಲ್ಲ ಆಡುತ್ತೇನೆ, ಪಕ್ಕದವರ ಸಂಸಾರ ವಿಚಾರಿಸುತ್ತೇನೆ, ರಾಜನ ಮುಖಕ್ಕೆ ಮನಸಾರೆ ಮರುಳಾಗುತ್ತೇನೆ. ಮೊನ್ನೆ ರಾಜ ಮತ್ತು ಐದು ಹಿಡಿದು ಕೊನೆಯವರೆಗೂ ಹೋದೆ. ರಿವರ್‌ನಲ್ಲಿ ಐದು ಬಂದು, ನಾನೇ ಗೆದ್ದೆ. ಎದುರಿಗೆ ಎಕ್ಕದ ಜೋಡಿ ಹಿಡಿದಿದ್ದ ಹುಡುಗ ಕಿವಿಯಿಂದ ಹೆಡ್‌ಫೋನ್ ತೆಗೆದು, ಮುಖ ಅರಳಿಸಿ, "ನೈಸ್ ಹ್ಯಾಂಡ್, ಸರ್" ಎಂದ. ಎಷ್ಟು ಕೆಟ್ಟದಾಗಿ ಆಡಿದೆನೆಂಬುದು ನನಗೆ ಆಗಲೇ ಖಾತ್ರಿಯಾಯಿತು. ಪಾಪ, ಡ್ಯೂಟಿಯಲ್ಲಿದ್ದ ಹುಡುಗ.