ಮಡಿವಂತ ಮೋಟಾರು

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಗಂಡಸರಿಗೆ ನಲವತ್ತೈದು ದಾಟಿದ ಮೇಲೆ ಏನಾದರೊಂದು ಹುಚ್ಚು ಹಿಡಿಯಲೇಬೇಕು. ಕೆಲವರು ಮ್ಯಾರಥಾನ್ ಓಡಿ ಮಂಡಿಚಿಪ್ಪು ಸವೆಸಿಕೊಳ್ಳುತ್ತಾರೆ. ಕೆಲವರು ಹಿತ್ತಿಲಲ್ಲಿ ಬದನೆ ಬೆಳೆದು ಒಂದೊಂದು ಕಾಯಿಯ ಫೋಟೋವನ್ನೂ ನೆಂಟರಿಷ್ಟರಿಗೆಲ್ಲ ಕಳಿಸುತ್ತಾರೆ. ಇನ್ನು ಕೆಲವರು ಕನ್ನಡ ಕೂಟದ ಅಧ್ಯಕ್ಷಗಿರಿಗೆ ನಿಲ್ಲುತ್ತಾರೆ. ಅಂಥವರ ಹೆಂಡತಿಯರನ್ನು ಕಂಡರೆ ನನಗೆ ಕರುಳು ಕಿವುಚುತ್ತದೆ. ನಮ್ಮನೆಯವರು ಈ ಮೂರರಿಂದಲೂ ಪಾರಾದರು. ಅವರಿಗೆ ಹಿಡಿದದ್ದು ನಾಲ್ಕನೆಯದು: ಹಳೇ ಸಾಮಾನು ಕೂಡಿಹಾಕಿ ಮನೆಯ ಗ್ಯಾರೇಜಿನಲ್ಲಿ ಸಾಂಪ್ರದಾಯಿಕ ಹಾಟ್ ರಾಡ್ ಕಟ್ಟುವುದು.

ಗೊತ್ತಿಲ್ಲದವರಿಗೆ ಎರಡು ಮಾತು. ಹೆನ್ರಿ ಫೋರ್ಡ್ ಕಾಲದ ಕಾರೊಂದನ್ನು ತಂದು, ಮಡ್‌ಗಾರ್ಡು, ಬಂಪರು ಕಿತ್ತೆಸೆದು, ಕಂಬ ಕತ್ತರಿಸಿ ಚಾವಣಿ ಇಳಿಸಿ, ಮುಂದಿನ ಆಕ್ಸಲ್ ಬಗ್ಗಿಸಿ ಮೂತಿ ನೆಲಕ್ಕೆ ತಾಗಿಸಿ, ಒಳಗೆ ಬೇರೊಂದು ದೊಡ್ಡ ಕಾರಿನ ಎಂಜಿನ್ ತುರುಕಿದರೆ ಅದು ಹಾಟ್ ರಾಡ್. ನಮ್ಮದು 1931ರ ಫೋರ್ಡ್ ಮಾಡೆಲ್ ಎ ಕೂಪ್. ಕಾರ್ಖಾನೆಯಿಂದ ಹೊರಬಿದ್ದಾಗ ಅದರಲ್ಲಿದ್ದದ್ದು ನಾಲ್ಕು ಸಿಲಿಂಡರಿನ, 40 ಅಶ್ವಶಕ್ತಿಯ ಎಂಜಿನ್. ಈಗ ಆ ಜಾಗದಲ್ಲಿ 1949ರ ಮರ್ಕ್ಯುರಿಯ ಎಂಟು ಸಿಲಿಂಡರಿನ, 110 ಅಶ್ವಶಕ್ತಿಯ ಫ್ಲಾಟ್‌ಹೆಡ್ ಎಂಜಿನ್ ಕೂತಿದೆ. ನಾವು ದಿನಾ ಓಡಿಸುವ ಕಾರು ರಸ್ತೆಯಲ್ಲಿ ಬಿಸಿಲು ಕಾಯುತ್ತಿದೆ.

ಇಲ್ಲಿಯವರೆಗೆ ಸಹಿಸಬಹುದು. ಸಹಿಸಲಾಗದ್ದು ‘ಸಾಂಪ್ರದಾಯಿಕ’ ಎಂಬ ವಿಶೇಷಣ. ನಮ್ಮನೆಯವರು ಬಸವನಗುಡಿಯ ಮನೆತನದವರು. ಅವರ ಅಜ್ಜಿಯ ಮಡಿ ಬೀದಿಗೆಲ್ಲ ಹೆಸರುವಾಸಿಯಾಗಿತ್ತಂತೆ. ಆ ಮಡಿಯನ್ನೆಲ್ಲ ಬೆಂಗಳೂರಿನಲ್ಲೇ ಬಿಟ್ಟು ವಿಮಾನ ಹತ್ತಿದ ಮೊಮ್ಮಗನಿಗೆ ಇವತ್ತು ಏಕಾದಶಿಯೋ ದ್ವಾದಶಿಯೋ ತಿಳಿಯದು. ಗೋತ್ರ ಕೇಳಿದರೆ ಊರಿಗೆ ಫೋನು ಮಾಡುತ್ತಾರೆ. ಆದರೆ ಗ್ಯಾರೇಜಿನ ಬಾಗಿಲು ಎತ್ತಿದರೆ ಒಳಗೆ ಸಾಕ್ಷಾತ್ ಅಜ್ಜಿ! ಡಿಸ್ಕ್ ಬ್ರೇಕ್ ಮೈಲಿಗೆ. ರೇಡಿಯಲ್ ಟಯರು ಮೈಲಿಗೆ. ಪ್ಲಾಸ್ಟಿಕ್ ವೈರು ಕಾಣುವಂತಿಲ್ಲ, ಮೇಲೆ ಹತ್ತಿಯ ನೂಲು ಸುತ್ತಿರಬೇಕು. ಕಾರ್ಬೊರೇಟರ್ ಎಂದರೆ ಸ್ಟ್ರಾಂಬರ್ಗ್ 97, ಅದೂ ಒಂದಲ್ಲ, ಸಾಲಾಗಿ ಮೂರು. ಫೈಬರ್‌ಗ್ಲಾಸ್ ಬಾಡಿ ಹಾಕಿಸುವುದು ಪಂಚಮಹಾಪಾತಕಗಳಲ್ಲಿ ಆರನೆಯದು. 1955ರಲ್ಲಿ ಬಂದ ಷೆವರ್ಲೆಯ ವಿ8 ಎಂಜಿನನ್ನು ಫೋರ್ಡಿನೊಳಗೆ ಕೂರಿಸುವವರೂ ಇದ್ದಾರೆ. ಅವರದು ಬೇರೆ ಪಂಗಡ. ಇವರು ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾರೆ, ಬಾನೆಟ್ ಮಾತ್ರ ಎತ್ತಿ ನೋಡುವುದಿಲ್ಲ.

ಇಷ್ಟು ಕಟ್ಟುನಿಟ್ಟಿನ ಧರ್ಮಕ್ಕೆ ಋಷಿಗಳು ಯಾರೆಂದು ನೋಡಹೊರಟರೆ ಸಿಗುವವರು ಕ್ಯಾಲಿಫೋರ್ನಿಯಾದ ಪಡ್ಡೆ ಹುಡುಗರು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಮಾಡೆಲ್ ಟಿ ಕಾರು ಮಾಡಿ ಸುರಿದಿತ್ತು. ಮೂವತ್ತರ ದಶಕದ ಹೊತ್ತಿಗೆ ಅವು ಗುಜರಿಯಲ್ಲಿ ಪುಡಿಗಾಸಿಗೆ ಸಿಗುತ್ತಿದ್ದವು. ಹೊಸ ಕಾರು ಕೊಳ್ಳಲು ಕಾಸಿಲ್ಲದ ಹುಡುಗರು ಅವನ್ನೇ ತಂದು, ಭಾರವಾದದ್ದನ್ನೆಲ್ಲ ಬಿಚ್ಚಿ, ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಕೆರೆಗಳ ಬಯಲಿಗೆ ಒಯ್ದು ಓಡಿಸಿದರು. 1932ರಲ್ಲಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಗೆ 65 ಅಶ್ವಶಕ್ತಿಯ ವಿ8 ಎಂಜಿನ್ ಕೊಟ್ಟ ಮೇಲಂತೂ ಅವರಿಗೆ ಹಬ್ಬ. 1937ರಲ್ಲಿ ಈ ಓಟಗಳಿಗೆ ಗಡಿಯಾರ ಹಿಡಿಯಲೆಂದೇ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದರು, ಅವರ ಹಿಂದೆಯೇ ಸೇನೆಯಲ್ಲಿ ಉಳಿದ ಸಾಮಾನು ಅಗ್ಗದ ಮಾರಾಟಕ್ಕೆ ಬಂತು. 1946ರಲ್ಲಿ ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೊಟ್ಟೆಗೆ ಕಟ್ಟುವ ಪೆಟ್ರೋಲ್ ಟ್ಯಾಂಕಿಗೇ ನಾಲ್ಕು ಗಾಲಿ ಹಾಕಿ ಓಡಿಸಿದ. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆಯೇ ಹೊರಬಂತು. ಆ ಹುಡುಗರು ಪಾಲಿಸಿದ್ದು ಒಂದೇ ನಿಯಮ: ಕೈಗೆ ಸಿಕ್ಕಿದ್ದನ್ನು ಹಾಕು, ಮುಂದಿನವನನ್ನು ಹಿಂದೆ ಹಾಕು.

ಹೀಗಿರುವಾಗ ಊರಿನಿಂದ ನಮ್ಮಪ್ಪ ಬಂದರು. ನನ್ನ ತವರು ಕಣಗಲಾ. ಹುಕ್ಕೇರಿ ತಾಲ್ಲೂಕಿನಲ್ಲಿ, ಸಂಕೇಶ್ವರ ಮತ್ತು ನಿಪ್ಪಾಣಿಯ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ಅಪ್ಪ ಅಲ್ಲಿ ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರು, ಉಳಿದ ದಿನಗಳಲ್ಲಿ ಬಾವಿಯ ಪಂಪು ರಿಪೇರಿ ಮಾಡಿಕೊಂಡಿದ್ದವರು. ಅವರ ಪಾಲಿಗೆ ಎಂಜಿನ್ ಎಂದರೆ ಕಿರ್ಲೋಸ್ಕರ್. ಆ ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರು ಮಾಡಿದವರು ಎಂಬುದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಮಗಳ ಮನೆಯಲ್ಲಿ ಆರು ತಿಂಗಳ ವೀಸಾವನ್ನು ಟಿವಿ ಮುಂದೆ ಕಳೆಯಬೇಕಲ್ಲ ಎಂದು ಮುಖ ಸಣ್ಣ ಮಾಡಿಕೊಂಡಿದ್ದವರು ಗ್ಯಾರೇಜು ನೋಡಿದ್ದೇ ತಡ, ಗಾಂಧಿ ಟೋಪಿ ಸರಿಮಾಡಿಕೊಂಡು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದರು.

“ಅಳಿಯಾರ, ಇದಕ್ಕೆಷ್ಟು ಕೊಟ್ರಿ?”

ಇವರು ಹೇಳಿದರು. ಅಪ್ಪ ಗೋಡೆ ಹಿಡಿದು ನಿಂತರು. “ಭಂಗಾರಕ್ಕ ಬಂಗಾರದ ಕಿಮ್ಮತ್ತು ಕೊಟ್ಟೀರಲ್ರಿ!” ಭಂಗಾರವೆಂದರೆ ನಮ್ಮ ಕಡೆ ಗುಜರಿ.

ಅಲ್ಲಿಗೆ ಮಾವ-ಅಳಿಯನ ಸಂಬಂಧ ಹಳಸಿತು ಎಂದುಕೊಂಡೆ. ಹಾಗಾಗಲಿಲ್ಲ. ಮಡ್‌ಗಾರ್ಡು ಯಾಕೆ ತೆಗೆದಿದ್ದೇನೆ, ಸೀಟಿಗೂ ಯಾಕೆ ತೂತು ಕೊರೆದಿದ್ದೇನೆ ಎಂದು ಇವರು ತೂಕ, ವೇಗಗಳ ಶಾಸ್ತ್ರ ಬಿಡಿಸಿ ಹೇಳಲು ಹೊರಟರೆ ಅಪ್ಪ ಕೈಯೆತ್ತಿ ತಡೆದರು. “ತಿಳೀತ್ ಬಿಡ್ರಿ. ಮಾಲ್ ಹೇರೂ ಚಕ್ಕಡಿ ಬ್ಯಾರೆ, ಶರ್ಯತ್ತಿನ ಗಾಡಿ ಬ್ಯಾರೆ.” ನಮ್ಮ ಗಡಿಸೀಮೆಯಲ್ಲಿ ಎತ್ತಿನಗಾಡಿ ಶರ್ಯತ್ತು ಇಲ್ಲದೆ ಜಾತ್ರೆ ಕಳೆಗಟ್ಟುವುದಿಲ್ಲ. ಅದಕ್ಕೆಂದೇ ಮಾಡಿಸುವ ಗಾಡಿಯಲ್ಲಿ ಹೊರೆ ಹೇರುವ ಹಲಗೆ ಇಲ್ಲ, ಪಕ್ಕದ ಗೂಟವಿಲ್ಲ. ಹಗುರ ಗಾಲಿ, ಹಗುರ ಮೂಕಿ, ಮೇಲೆ ಹಗುರ ಮನುಷ್ಯ. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟಗಳನ್ನೆಲ್ಲ ನಿಲ್ಲಿಸಿದಾಗ ಅಪ್ಪನ ವಾರಿಗೆಯವರು ಸೂತಕ ಬಂದವರ ಮುಖ ಮಾಡಿಕೊಂಡಿದ್ದರು. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿತು; 2023ರ ಮೇನಲ್ಲಿ ಕೋರ್ಟೂ ಅದನ್ನು ಒಪ್ಪಿತು. “ಈ ಅಮೆರಿಕಾದ ಹುಡುಗ್ರು ಎತ್ತಿಲ್ಲದ ಶರ್ಯತ್ತು ಮಾಡ್ಯಾರ, ಅಷ್ಟ” ಎಂದು ಅಪ್ಪ ತೀರ್ಪು ಕೊಟ್ಟು ಪಾನಾ ಎತ್ತಿಕೊಂಡರು. ಪುಸ್ತಕ ಪುಸ್ತಕ ಓದಿ ಅಳಿಯ ದಕ್ಕಿಸಿಕೊಂಡ ತತ್ವ ಮಾವನಿಗೆ ಜಾತ್ರೆಯಲ್ಲೇ ಸಿದ್ಧಿಸಿತ್ತು.

ಎಂಜಿನ್ನಿನ ವಿಚಾರದಲ್ಲಿ ಮಾತ್ರ ಇಬ್ಬರಿಗೂ ಜಟಾಪಟಿ. ಫ್ಲಾಟ್‌ಹೆಡ್ ನೋಡಲು ಲಕ್ಷಣ, ಗುಣದಲ್ಲಿ ಮುಂಗೋಪಿ. ಅದರ ವಾಲ್ವುಗಳು ಮೇಲೆ ಹೆಡ್ಡಿನಲ್ಲಿಲ್ಲ, ಕೆಳಗೆ ಬ್ಲಾಕಿನೊಳಗಿವೆ. ಸುಟ್ಟ ಹೊಗೆ ಹೊರಬೀಳುವ ದಾರಿ ಆ ಬ್ಲಾಕಿನ ಮೂಲಕವೇ, ತಣ್ಣೀರು ಹರಿಯುವ ಜಾಗದ ನಡುವೆಯೇ ಹಾದುಹೋಗುತ್ತದೆ. ಅದಕ್ಕೇ ಎರಡೆರಡು ವಾಟರ್ ಪಂಪ್ ಕೊಟ್ಟರೂ ಸಿಗ್ನಲ್ಲಿನಲ್ಲಿ ನಿಂತರೆ ಕುದಿಯುತ್ತದೆ. ಬ್ಲಾಕು ಬಿರುಕು ಬಿಡುವುದೂ ಸಾಮಾನ್ಯ. ಬಿರುಕು ಹುಡುಕಲು ಇಲ್ಲಿನ ಮಶೀನ್ ಶಾಪಿನವರು ಬ್ಲಾಕಿಗೆ ಅಯಸ್ಕಾಂತದ ಶಕ್ತಿ ಹಾಯಿಸಿ, ಮೇಲೆ ಕಬ್ಬಿಣದ ಪುಡಿ ಉದುರಿಸುತ್ತಾರೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಅಪ್ಪನಿಗೆ ಅಷ್ಟೆಲ್ಲ ಬೇಕಾಗಲಿಲ್ಲ. ಬಿಚ್ಚಿಟ್ಟ ಬ್ಲಾಕನ್ನು ಟಾರ್ಚು ಹಾಕಿ ನೋಡಿ ನಕ್ಕರು. “ಹೊಗಿ ಹೋಗೂ ದಾರಿ ನೀರಾಗ ಇಟ್ಟಾನಲ್ರಿ, ಕಾಯದ ಏನ್ ಮಾಡೀತು? ಮ್ಯಾಲ ದೊಡ್ಡ ರೇಡಿಯೇಟರ್ ಹಾಕ್ರಿ, ಹೊಸಾ ಫ್ಯಾನ್ ಹಾಕ್ರಿ.”

“ಮಾವ, ಕರೆಂಟಿನ ಫ್ಯಾನು 1949ರಲ್ಲಿ ಯಾರೂ ಹಾಕ್ತಿರಲಿಲ್ಲ.”

“1949ರಾಗ ನೀವೂ ಇರಲಿಲ್ಲಲ್ರಿ ಅಳಿಯಾರ.”

ಫ್ಯಾನು ಬರಲಿಲ್ಲ. ಕಾರು ಕುದಿಯುತ್ತಲೇ ಇದೆ.

ಬಿಡಿಭಾಗಗಳ ತೀರ್ಥಕ್ಷೇತ್ರ ಪೊಮೋನಾ. ಅಲ್ಲಿ ಹಳೇ ಕಾರುಗಳ ಸಂತೆ ಸೇರುತ್ತದೆ. ಬೆಳಕು ಹರಿಯುವ ಮೊದಲೇ ಹಣೆಗೆ ಟಾರ್ಚು ಕಟ್ಟಿಕೊಂಡು ಬಂದ ಮುದುಕರು ಎಣ್ಣೆ ಮೆತ್ತಿದ ಗೇರ್‌ಬಾಕ್ಸುಗಳನ್ನು ಮುದ್ದಾಡುತ್ತಿರುತ್ತಾರೆ. ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರ ನೋಡಿ ಬೆಳೆದ ಅಪ್ಪ ಇಲ್ಲಿ ನೀರಿಗೆ ಬಿದ್ದ ಮೀನಾದರು. ಭಾಷೆ ಬರದಿದ್ದರೂ ಬೆರಳಿನಲ್ಲೇ ಚೌಕಾಸಿ. ಟಯರು ಮಾರುವ ಒಬ್ಬ ಅಜ್ಜ, ನಿಮ್ಮೂರಿನಲ್ಲಿ ಏನು ತಯಾರಾಗುತ್ತದೆ ಎಂದು ಕೇಳಿದ. ಅಪ್ಪ ಎದೆಯುಬ್ಬಿಸಿ ತಮಗೆ ಬರುವ ಇಂಗ್ಲಿಷಿನಲ್ಲಿ “ರಬ್ಬರ್” ಎಂದರು. ಸುಳ್ಳಲ್ಲ, ಹಿಂದೂಸ್ತಾನ್ ಲ್ಯಾಟೆಕ್ಸ್ ಹೆಸರಿನಲ್ಲಿ ಶುರುವಾದ ಕಾರ್ಖಾನೆ ಕಣಗಲಾದಲ್ಲಿ 1980ರ ದಶಕದಿಂದ ಇದೆ. ಅಜ್ಜನ ಕಣ್ಣು ಅರಳಿತು. ಟಯರಿನ ಊರಿನವರೇ ಬಂದಿದ್ದಾರೆಂದು ಹಳೇ ನಮೂನೆಯ ಬಯಾಸ್ ಪ್ಲೈ ಟಯರುಗಳನ್ನೆಲ್ಲ ಇಳಿಸಿ ತೋರಿಸಿದ, ಅಪ್ಪ ಒಂದೊಂದನ್ನೂ ಹಿಚುಕಿ ತಲೆಯಾಡಿಸಿದರು, ಬೆಲೆಯೂ ಇಳಿಯಿತು. ಯಾವ ರಬ್ಬರ್ ಎಂದು ಅವನು ಕೇಳಲಿಲ್ಲ. ಕುಟುಂಬ ಯೋಜನೆಯ ವಿವರ ಅಪ್ಪನೂ ಕೊಡಲಿಲ್ಲ.

ಮನೆಗೆ ಮರಳುವಾಗ ಅಪ್ಪನಿಗೆ ಒಂದು ಯೋಚನೆ ಬಂತು: ಇಂಥದ್ದೊಂದನ್ನು ಊರಲ್ಲೂ ಕಟ್ಟಿದರೆ? ಇವರು ನಯವಾಗಿ ಬೇಡವೆಂದರು. ನಮ್ಮ ದೇಶದಲ್ಲಿ ಐವತ್ತು ವರ್ಷ ದಾಟಿದ ಖಾಸಗಿ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರದ ವಿಂಟೇಜ್ ನಂಬರು ಸಿಗುತ್ತದೆ, ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ಮೂಲರೂಪ ಕೆಡಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಕಂಪನಿ ಮಾಡಿದ್ದಕ್ಕಿಂತ ಬೇರೆಯಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮುಟ್ಟದಿದ್ದರೆ ವಿಂಟೇಜು, ಮುಟ್ಟಿದರೆ ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಹಳೇ ಚಾಸಿ, ಹಳೇ ಕಾಗದಪತ್ರ ಇದ್ದರೆ ನಮ್ಮದು ಇಂದಿಗೂ 1931ರ ಫೋರ್ಡೇ. 1975ರವರೆಗಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯೂ ಇಲ್ಲ. ಎಲ್ಲ ಕೇಳಿದ ಅಪ್ಪ, “ಹಂಗಾರ ಕಬ್ಬಿನ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜಗ್ಗಿ, ನಾಕು ಸ್ಪೀಕರ್ ಕಟ್ಟಿದ್ದು ಯಾವ ಕಲಮಿನಾಗ ಬರ್ತೈತ್ರಿ?” ಎಂದರು. ಇವರ ಬಳಿ ಉತ್ತರವಿರಲಿಲ್ಲ.

ಕೊನೆಗೊಂದು ದಿನ ಕಾರು ನಿಂತಲ್ಲೇ ಗುಡುಗಿತು. ಪಕ್ಕದ ಮನೆಯ ನಾಯಿ ಸೋಫಾದಡಿ ಸೇರಿತು. ಮೊದಲ ಸುತ್ತಿಗೆ ಹಿರಿಯರು ಕೂರಬೇಕೆಂದು ಇವರು ಮಾವನಿಗೆ ಬಾಗಿಲು ತೆಗೆದರು. ಆದರೆ ಚಾವಣಿ ಇಳಿಸಿದ್ದರಲ್ಲ, ಟೋಪಿ ತಾಗಿತು. ತಲೆ ಬಗ್ಗಿಸಿದರೆ ರಸ್ತೆ ಕಾಣದು, ಎತ್ತಿದರೆ ಟೋಪಿ ಉಳಿಯದು. “ಮದಿವ್ಯಾಗೂ ತಗದಿಲ್ಲ ಇದನ್ನ” ಎಂದು ಗೊಣಗುತ್ತ ಅಪ್ಪ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡರು.

ಆಗ ನಾನು ಗಾಡಿಗೆ ಅಡ್ಡ ನಿಂತೆ. ಒಳಗೆ ಸೀಟ್ ಬೆಲ್ಟ್ ಇರಲಿಲ್ಲ. 1931ರಲ್ಲಿ ಇರಲಿಲ್ಲ, ಆದ್ದರಿಂದ ಈಗಲೂ ಬೇಡ ಎಂಬುದು ಯಜಮಾನರ ಸಿದ್ಧಾಂತ. ಹಾಗಾದರೆ ಬ್ರೇಕು ಎಂದೆ. ಹೆನ್ರಿ ಫೋರ್ಡ್ ಹಟ ಹಿಡಿದು 1938ರವರೆಗೂ ಸರಳು, ಕೇಬಲ್ಲುಗಳಿಂದ ಎಳೆಯುವ ಬ್ರೇಕನ್ನೇ ಕೊಟ್ಟ. ಎಣ್ಣೆಯ ಒತ್ತಡದ ಬ್ರೇಕು ಫೋರ್ಡಿಗೆ ಬಂದದ್ದು 1939ರಲ್ಲಿ. ನಮ್ಮ 1931ರ ಕಾರಿಗೆ ಇವರು ಹಾಕಿದ್ದು 1940ರ ಎಣ್ಣೆ ಬ್ರೇಕು! “ಅದು ಬೇರೆ, ಆ ಹುಡುಗರೂ ಹಾಗೇ ಮಾಡ್ತಿದ್ದರು” ಎಂದರು. ನನಗೆ ಬೇಕಾದದ್ದೂ ಅದೇ ಮಾತು. ಅವರದೇ ಹಳೇ ಪತ್ರಿಕೆಗಳ ಕಟ್ಟಿನಿಂದ ಒಣಕೆರೆಯ ಓಟದ ಚಿತ್ರ ತೆಗೆದು ಮುಂದೆ ಹಿಡಿದೆ. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಯುದ್ಧವಿಮಾನದ ಬೆಲ್ಟುಗಳನ್ನು ಆ ಋಷಿಪುತ್ರರು ಸೊಂಟಕ್ಕೆ ಬಿಗಿದುಕೊಂಡೇ ಕೂತಿದ್ದರು. ಇವರು ಚಿತ್ರವನ್ನು ಬಹಳ ಹೊತ್ತು ನೋಡಿದರು. “ಶಾಸ್ತ್ರಸಮ್ಮತ” ಎಂದರು. ಬೆಲ್ಟು ಬಂತು. ಅದೂ ಹಳೇದೇ ಬೇಕೆಂದು ಹಟ ಹಿಡಿದಾಗ ಅಪ್ಪ ಮೊದಲ ಸಲ ಅಳಿಯನ ಮೇಲೆ ದನಿ ಎತ್ತಿದರು: “ಆ ಹುಡುಗ್ರಿಗೆ ಹೊಸಾದು ಸಿಕ್ಕಿದ್ರ ಬಿಡ್ತಿದ್ರೇನ್ರಿ?” ನಮೂನೆ ಹಳೇದು, ನೇಯ್ಗೆ ಹೊಸದು ಎಂದು ರಾಜಿಯಾಯಿತು.

ನಮ್ಮ ಕನ್ನಡ ಕೂಟಗಳು ಈ ರಾಜಿಯನ್ನು ಎಂದೋ ಮಾಡಿಕೊಂಡಿವೆ. ಯುಗಾದಿ ಯಾವ ವಾರ ಬಂದರೂ ನಾವು ಆಚರಿಸುವುದು ಶಾಲೆಯ ಸಭಾಂಗಣ ಬಾಡಿಗೆಗೆ ಸಿಗುವ ಶನಿವಾರ. ಬೇವು ಫ್ರೀಜರಿನಿಂದ ಬರುತ್ತದೆ. ಯಾವ ದೇವರೂ ಇದುವರೆಗೆ ಆಕ್ಷೇಪ ಎತ್ತಿಲ್ಲ.

ಹಾಗಾಗಿ, ಕಾರಿನ ಮಡಿಯಾಗಲಿ ಅಡುಗೆಮನೆಯ ಮಡಿಯಾಗಲಿ, ಮಡಿವಂತರೊಡನೆ ಬಾಳುವೆ ಮಾಡುವವರಿಗೆ ನನ್ನದೊಂದು ಕಿವಿಮಾತು. ಅವರೊಡನೆ ವಿಜ್ಞಾನ ಮಾತಾಡಬೇಡಿ, ಕಾಲ ಬದಲಾಗಿದೆ ಎನ್ನಬೇಡಿ, ಸೋಲುತ್ತೀರಿ. ಅವರ ಶಾಸ್ತ್ರವನ್ನೇ ಅವರಿಗಿಂತ ಚೆನ್ನಾಗಿ ಓದಿಕೊಳ್ಳಿ. ನಿಮಗೆ ಬೇಕಾದ ಅನುಮತಿ ಅದರೊಳಗೇ ಎಲ್ಲೋ ಇರುತ್ತದೆ. ಸಂಪ್ರದಾಯ ಪಾಲಿಸುವವರಿಗಿಂತ ಅದನ್ನು ಶುರು ಮಾಡಿದವರು ಯಾವತ್ತೂ ಧಾರಾಳಿಗಳು.