14 ಇಂಚಿನ ಹುಚ್ಚು

ವಿಸ್ಕಾನ್ಸಿನ್‌ನಲ್ಲಿರುವ ಕನ್ನಡಿಗರು ಬೇಸಿಗೆ ಬಂದರೆ ಮೆಂತ್ಯ ಸೊಪ್ಪು ಬೆಳೆಯುತ್ತಾರೆ. ನನಗೆ ಮಾತ್ರ ದೋಣಿಯ ಹಿಂಬದಿಗೆ ಬಿಗಿಯುವ, 1950ರ ದಶಕದ ಮರ್ಕ್ಯುರಿ ಔಟ್‌ಬೋರ್ಡ್ ರೇಸಿಂಗ್ ಮೋಟರ್ ತಲೆಗೆ ಹೊಕ್ಕಿತು. ಮೋಟರ್ ಹೇಗೋ ಸಿಕ್ಕಿತು, ಪ್ರೊಪೆಲರ್ ಇರಲಿಲ್ಲ. ಹಳೆ ಸಾಮಾನಿನ ಸಂತೆಯಲ್ಲಿ ಎರಡು ರೆಕ್ಕೆಯ ಕಂಚಿನದೊಂದು ಹೊಳೆಯುತ್ತಿತ್ತು. ಅದರ ನಡುವಿನ ಗುಂಬದ ಮೇಲೆ ಎರಡು ಅಂಕಿ: ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಪಿಚ್ ಎಂದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಇದರ ಪಿಚ್ 14; ಪಕ್ಕದಲ್ಲೇ 11ರದ್ದೂ ಇತ್ತು. ನಾನು 14 ಎತ್ತಿಕೊಂಡೆ. ಅದೇ ದುಡ್ಡಿಗೆ 3 ಇಂಚು ಬಿಡುವುದುಂಟೇ?

ಈ ರೇಸಿಂಗ್ ಮೋಟರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಪ್ರೊಪೆಲರೂ ಒಂದೇ ಸುತ್ತು. ನಿಮಿಷಕ್ಕೆ 6,000 ಸುತ್ತು, ಸುತ್ತಿಗೆ 14 ಇಂಚು: ಗಂಟೆಗೆ ಸುಮಾರು 80 ಮೈಲಿ! 1958ರಲ್ಲಿ ಸಿಯಾಟಲ್‌ನ ಲೇಕ್ ವಾಷಿಂಗ್ಟನ್‌ನಲ್ಲಿ ಹ್ಯೂಬರ್ಟ್ ಎಂಟ್ರಾಪ್ ಔಟ್‌ಬೋರ್ಡ್ ದೋಣಿಯ ವೇಗವನ್ನು ಗಂಟೆಗೆ 107 ಮೈಲಿ ದಾಟಿಸಿದ್ದ. ನಾನು ಕೇಳಿದ್ದು ಬರೀ 80.

ವಿನ್ನೆಬಾಗೊ ಸರೋವರದಲ್ಲಿ ಮೀನು ಹಿಡಿಯುವ ಅಲ್ಯುಮಿನಿಯಂ ದೋಣಿಗೆ ನನ್ನ ಮೋಟರನ್ನು ಬಿಗಿದೆ. ಹೆಂಡತಿ, ಪುಳಿಯೋಗರೆ ಡಬ್ಬಿ, ನಾನು. ಈ ಮೋಟರಿಗೆ ನ್ಯೂಟ್ರಲ್ ಇಲ್ಲ. ಹಗ್ಗ ಎಳೆದ ಕೂಡಲೇ ದೋಣಿ ಹೊರಟಿತು, ಡಬ್ಬಿ ನನ್ನ ಮಡಿಲಿಗೆ ಬಂತು. ಆಮೇಲೆ ಮೂತಿ ಆಕಾಶಕ್ಕೆ, ಹಿಂಭಾಗ ನೀರಿಗೆ! ಎಂಜಿನ್ ಮುಕ್ಕಿರಿಯಿತೇ ಹೊರತು 6,000ದ ಹತ್ತಿರಕ್ಕೂ ಹೋಗಲಿಲ್ಲ. ಪಿಚ್ ಹೆಚ್ಚಾದಷ್ಟೂ ಪ್ರತಿ ಸುತ್ತಿಗೂ ಹೊರೆ ಹೆಚ್ಚು. ಸಾಲದ್ದಕ್ಕೆ ನೀರಿನಲ್ಲಿ ಪ್ರೊಪೆಲರ್ ಜಾರುತ್ತದೆ; ನನ್ನ ಲೆಕ್ಕದಲ್ಲಿ ಜಾರಿಕೆಗೆ ಕಾಲಂ ಇರಲಿಲ್ಲ. ಹುಟ್ಟು ಹಾಕುತ್ತಿದ್ದ ಅಜ್ಜಿಯೊಬ್ಬರು ಕೈಬೀಸಿ ನಮ್ಮನ್ನು ದಾಟಿ ಹೋದರು.

ದಡದಲ್ಲಿದ್ದ ಮುದುಕ ಮೆಕ್ಯಾನಿಕ್ ಪ್ರೊಪೆಲರನ್ನು 14 ಇಂಚಿನ ಪಿಚ್ ಅಳೆಯುವ ಅಚ್ಚಿನ ಮೇಲಿಟ್ಟ. ರೆಕ್ಕೆಗೂ ಅಚ್ಚಿಗೂ ನಡುವೆ ಬೆಳಕು ಕಂಡಿತು: ಅಳತೆ ಹೊಂದಲಿಲ್ಲ. ಹಳೆಯ ರೇಸಿನವರು ಸುತ್ತಿಗೆಯಿಂದ ಬಡಿದು, ಅರದಿಂದ ಉಜ್ಜಿ ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಿದ್ದರಂತೆ. ಗುಂಬದ ಮೇಲಿನ ಅಂಕಿ ನಮ್ಮಪ್ಪನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜನ್ಮದಿನಾಂಕದ ಹಾಗೆ, ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ನನ್ನದು 14 ಅಲ್ಲ, 16 ದಾಟಿತ್ತು.

"ಹಾಗಾದರೆ ನನಗೆ ಯಾವ ಸೈಜು?" ಎಂದೆ. ಆತ ಮೋಟರ್ ನೋಡಲಿಲ್ಲ, ದೋಣಿಯನ್ನೂ ನೋಡಲಿಲ್ಲ. ನನ್ನ ಹೊಟ್ಟೆಯನ್ನೇ ದಿಟ್ಟಿಸಿ, ಡಬ್ಬದಿಂದ 9 ಇಂಚು ಪಿಚ್‌ನದನ್ನು ತೆಗೆದ.

"ರೀ," ಎಂದಳು ಹೆಂಡತಿ, "ಇನ್ನೂ ಚಿಕ್ಕದಿದೆಯಾ ಕೇಳಿ."