ನೀರಿಲ್ಲದ ಊರಿಗೆ ದೋಣಿ

ನಾನು ಚಳ್ಳಕೆರೆ ಸೀಮೆಯವನು. ಶಾಲೆಯ ಅಟ್ಲಾಸಿನಲ್ಲಿ ನೀಲಿ ಬಣ್ಣ ಕಂಡರೆ ಸಾಕು, ಹೊಟ್ಟೆಕಿಚ್ಚು. ಆಸ್ಟ್ರೇಲಿಯಾದ ಹೊಕ್ಕುಳಿನಿಂದ ತುಸು ಕೆಳಗೆ ಐರ್ ಸರೋವರ ಅಂತ ಒಂದು ದೊಡ್ಡ ನೀಲಿ ಮಚ್ಚೆ ಇತ್ತು. ಅಲ್ಲಿಯವರು ಪುಣ್ಯವಂತರು ಅಂದುಕೊಂಡಿದ್ದೆ. ಮಗಳು ಅಡಿಲೇಡ್ ಸೇರಿದ ಮೇಲೆ ಗುಟ್ಟು ರಟ್ಟಾಯಿತು. ಅದು ಸಮುದ್ರಮಟ್ಟಕ್ಕಿಂತ 15 ಮೀಟರ್ ತಗ್ಗಿನಲ್ಲಿರುವ ಉಪ್ಪಿನ ಬಯಲು. ತುಂಬಿದರೆ 9,500 ಚದರ ಕಿಲೋಮೀಟರ್ ನೀರು, ನಿಜ. ಆದರೆ 1974ರಲ್ಲಿ ತುಂಬಿದ ಹಾಗೆ ತುಂಬುವುದನ್ನು ಆಯುಸ್ಸಿನಲ್ಲಿ ಒಮ್ಮೆ ಕಂಡರೆ ಹೆಚ್ಚು. ನಾನು ನಗುವ ಹಾಗಿಲ್ಲ ಅನ್ನಿ. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ.

ಆಸ್ಟ್ರೇಲಿಯಾದ ಒಡಲು ಯಾಕೆ ಹೀಗೆ ಒಣಗಿದೆ ಅಂದರೆ, ಅದು ತೀರಾ ಸವೆದ ಖಂಡ, ಅಜ್ಜಿಯ ಮನೆಯ ಒರಳುಕಲ್ಲಿನ ಹಾಗೆ. ಸರಾಸರಿ ಎತ್ತರ ಸುಮಾರು 330 ಮೀಟರ್. ಅದರ ಮುಖ್ಯ ಭೂಭಾಗದ ಅತಿ ಎತ್ತರದ ಶಿಖರ ಕೊಸಿಯಸ್ಕೊ 2,228 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚೆಂದರೆ ಮುನ್ನೂರು ಮೀಟರ್ ಜಾಸ್ತಿ. ಇರುವ ಬೆಟ್ಟಸಾಲೂ ಪೂರ್ವದ ಅಂಚಿಗೆ ಒತ್ತಿಕೊಂಡು ನಿಂತು, ಪೆಸಿಫಿಕ್ ಕಡೆಯಿಂದ ಬರುವ ಮೋಡವನ್ನು ಅಲ್ಲೇ ಹಿಂಡಿಕೊಳ್ಳುತ್ತದೆ. ಒಳನಾಡಿನ ಪಾಲಿಗೆ ಮೇಲಿಂದ ಇಳಿಯುವ ಒಣಗಾಳಿ.

ಇದು ಗೊತ್ತಿಲ್ಲದೆ ಚಾರ್ಲ್ಸ್ ಸ್ಟರ್ಟ್ ಎಂಬ ಸಾಹಸಿ 1844ರಲ್ಲಿ ಅಡಿಲೇಡಿನಿಂದ ಹೊರಟ. ಕೆಲವು ನದಿಗಳು ಕಡಲಿಗೆ ಬೆನ್ನು ತಿರುಗಿಸಿ ಒಳಕ್ಕೆ ಹರಿಯುವುದನ್ನು ಕಂಡು, ನಡುವೆ ಒಂದು ಸಮುದ್ರ ಇರಲೇಬೇಕು ಅಂತ ಅವನ ಲೆಕ್ಕ. ಜೊತೆಗೆ ಆಳುಗಳು, ಎತ್ತುಗಳು, 200 ಕುರಿ, ಮತ್ತು ಒಂದು ದೋಣಿ! ಹೊಳೆ ಕಾಣುವ ಮುಂಚೆ ಕೆರ ಬಿಚ್ಚುವವರನ್ನು ನೋಡಿದ್ದೇನೆ. ಕಾಣದ ಕಡಲಿಗೆ ದೋಣಿ ಎಳೆದುಕೊಂಡು ಹೋದವನು ಇವನೊಬ್ಬನೇ. ಒಂದು ಗುಂಡಿಯ ನೀರು ನಂಬಿಕೊಂಡು ಆರು ತಿಂಗಳು ಒಂದೇ ಕಡೆ ಕೂತ. ಬಿಸಿಲಿಗೆ ಲೇಖನಿಯ ಮಸಿ ಒಣಗುತ್ತಿತ್ತಂತೆ, ಪೆನ್ಸಿಲಿನ ಕಡ್ಡಿ ಉದುರುತ್ತಿತ್ತಂತೆ. ಕೊನೆಗೆ ಸಿಕ್ಕಿದ್ದು ಕಲ್ಲು ಹಾಸಿದ ಮರುಭೂಮಿ. ಪಾಪ, ಅವನ ಊಹೆ ಪೂರ್ತಿ ಸುಳ್ಳಲ್ಲ. ಅಲ್ಲಿ ಸಮುದ್ರ ಇತ್ತು. ಸುಮಾರು ಹನ್ನೊಂದು ಕೋಟಿ ವರ್ಷ ತಡವಾಗಿ ಹೋದ, ಅಷ್ಟೆ.

ಅವನಿಗೆ ತದ್ವಿರುದ್ಧ ಡೊನಾಲ್ಡ್ ಕ್ಯಾಂಪ್‌ಬೆಲ್. ಕಾರಿನ ವೇಗದ ದಾಖಲೆ ಮುರಿಯಲು ಒಣಗಿದ ಜಾಗ ಬೇಕೆಂದು ಐರ್ ಸರೋವರವನ್ನೇ ಆರಿಸಿದ. ವರ್ಷಗಟ್ಟಲೆ ಮಳೆ ಕಾಣದ ನೆಲ. ಅವನು ಬಂದ 1963ರಲ್ಲಿ ಮಳೆ ಹೊಯ್ಯಿತು. ಮರುವರ್ಷದ ಜುಲೈವರೆಗೆ ಕಾದು ಗಂಟೆಗೆ ಸುಮಾರು 648 ಕಿಲೋಮೀಟರ್ ಓಡಿಸಿದ. ಸ್ಟರ್ಟನ ದೋಣಿ ಇವನಿಗೆ ಸಿಕ್ಕಿದ್ದರೆ ಇಬ್ಬರಿಗೂ ಅನುಕೂಲವಾಗುತ್ತಿತ್ತು.

ಐರ್ ಸರೋವರಕ್ಕೆ ನೀರು ಬರುವುದು ಹೆಚ್ಚಾಗಿ ದೂರದ ಕ್ವೀನ್ಸ್‌ಲ್ಯಾಂಡಿನ ಮಳೆಯಿಂದ, ಬಯಲಲ್ಲಿ ವಾರಗಟ್ಟಲೆ ತೆವಳಿಕೊಂಡು. ಹಿಂದೆಯೇ ಹೆಜ್ಜಾರ್ಲೆಗಳು ಸಾವಿರಗಟ್ಟಲೆ ಇಳಿಯುತ್ತವೆ. ಅವಕ್ಕೆ ಯಾರು ಓಲೆ ಬರೆಯುತ್ತಾರೋ!

ಹೋದ ಸಲ ಮಗಳು ಆಲಿಸ್ ಸ್ಪ್ರಿಂಗ್ಸ್‌ಗೆ ಕರೆದೊಯ್ದಳು. “ಅಪ್ಪಾ, ಇದೇ ಟಾಡ್ ನದಿ” ಅಂದಳು.

“ಎಲ್ಲಮ್ಮಾ?”

“ಅದರ ಮೇಲೇ ನಿಂತಿದೀಯಲ್ಲ.”

ಕಾಲಡಿ ಮರಳು, ದಡದಲ್ಲಿ ನಮ್ಮ ನೀಲಗಿರಿಯ ಬಳಗದ ಮರಗಳು. ನಮ್ಮ ವೇದಾವತಿಯ ಹೊಳೆಯಂಗಳವೇ ಅನ್ನಿಸಿ ಒರತೆ ತೆಗೆಯೋಣವೇ ಅಂತ ಕೈ ತುರಿಸಿತು. ಆ ನದಿಗೆ ಯಾರ ಹೆಸರಿಟ್ಟರೋ ಆ ಚಾರ್ಲ್ಸ್ ಟಾಡ್ ಖಗೋಳ, ಹವಾಮಾನ, ತಂತಿ ಇಲಾಖೆ ಎಲ್ಲ ನೋಡಿಕೊಂಡವನು. ಭಾರತದ ಮಳೆ ಲೆಕ್ಕವನ್ನೂ ತನ್ನದನ್ನೂ ಪಕ್ಕಪಕ್ಕ ಇಟ್ಟು, ಎರಡೂ ಕಡೆ ದೊಡ್ಡ ಬರ ಸಾಮಾನ್ಯವಾಗಿ ಒಟ್ಟಿಗೇ ಬರುತ್ತದೆ ಎಂದು 1888ರಲ್ಲೇ ಹೇಳಿದ. ಅದರ ಹಿಂದಿನ ಎಲ್ ನಿನೋ ಕೈವಾಡ ನಮಗೆಲ್ಲ ತಿಳಿದದ್ದು ಎಷ್ಟೋ ಆಮೇಲೆ. ಎಂಟು ಸಾವಿರ ಕಿಲೋಮೀಟರ್ ಆಚೆಗೂ ನಮಗೊಂದು ನೆಂಟಸ್ತಿಕೆ ಇದೆ ಅಂತಾಯಿತು. ಬರದ ನೆಂಟಸ್ತಿಕೆ.

ಆಲಿಸ್ ಸ್ಪ್ರಿಂಗ್ಸ್‌ನವರು ಸ್ಟರ್ಟನಿಗಿಂತ ಜಾಣರು. 1962ರಿಂದ ಟಾಡ್ ನದಿಯಲ್ಲಿ ದೋಣಿ ಪಂದ್ಯ ನಡೆಸುತ್ತಾರೆ. ದೋಣಿಗೆ ತಳವಿಲ್ಲ, ಒಳಗೆ ನಿಂತು, ಅಂಚು ಹಿಡಿದೆತ್ತಿಕೊಂಡು, ಮರಳಿನಲ್ಲಿ ಓಡುವುದು. 1993ರಲ್ಲಿ ಪಂದ್ಯ ರದ್ದಾಯಿತು. ಹೊಳೆಗೆ ನೀರು ಬಂದಿತ್ತು.